ಪ್ರಾರ್ಥಿಸಿದವರ ಮನೆಬಾಗಿಲಿಗೆ: ಒಂದು ರಜೆಯ ಅನುಭವ

ಸೇವಾಕ್ಷೇತ್ರದಿಂದ ರಜೆಯ ಮೇಲೆ ಸ್ವದೇಶಕ್ಕೆ ಬರುವ ಮಿಷನರಿ ಕುಟುಂಬಕ್ಕೆ ಎರಡು ಕೆಲಸಗಳು ಕಾದಿರುತ್ತವೆ: ದಣಿದ ದೇಹಕ್ಕೆ ವಿಶ್ರಾಂತಿ ಕೊಡುವುದು, ಕ್ರೈಸ್ತ ಸಭೆಗಳಲ್ಲಿ ಸೇವೆಯ ವರದಿ ಒಪ್ಪಿಸುವುದು. ಈ ಸಲ ನಾನೂ ನನ್ನ ಪತ್ನಿಯೂ ಇವೆರಡಕ್ಕಿಂತ ಮೊದಲು ಇನ್ನೊಂದನ್ನು ಇಟ್ಟುಕೊಂಡೆವು. ನಮಗಾಗಿ ವರ್ಷಗಟ್ಟಲೆ ಪ್ರಾರ್ಥಿಸಿದವರನ್ನು ಅವರವರ ಮನೆಯಲ್ಲೇ ಕಂಡು, ಅವರು ಬೇಡಿಕೊಂಡದ್ದು ಏನಾಯಿತೆಂದು ಒಂದೊಂದಾಗಿ ತಿಳಿಸಬೇಕೆಂದು ನಿಶ್ಚಯಿಸಿದೆವು.

ಇದಕ್ಕೆ ಪ್ರೇರಣೆ ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 13 ಮತ್ತು 14ನೆಯ ಅಧ್ಯಾಯಗಳು. ಅಂತಿಯೋಕ್ಯದ ಸಭೆಯವರು ಉಪವಾಸವಿದ್ದು, ಪ್ರಾರ್ಥಿಸಿ, ಕೈಗಳನ್ನಿಟ್ಟು ಪೌಲ ಬಾರ್ನಬರನ್ನು ಕಳುಹಿಸಿಕೊಡುತ್ತಾರೆ. ಪ್ರಯಾಣ ಮುಗಿಸಿದ ಅವರಿಬ್ಬರೂ ಅದೇ ಸಭೆಗೆ ಹಿಂದಿರುಗಿ, ಎಲ್ಲರನ್ನೂ ಕೂಡಿಸಿ, ದೇವರು ತಮ್ಮ ಸಂಗಡ ಇದ್ದು ಮಾಡಿದ್ದನ್ನೆಲ್ಲ ವಿವರಿಸಿ, ಶಿಷ್ಯರ ಜೊತೆ ಬಹುಕಾಲ ಉಳಿಯುತ್ತಾರೆ. ಅನೇಕರು ಪ್ರಾರ್ಥಿಸಿದಾಗ ಅನೇಕರಿಂದ ಸ್ತೋತ್ರವೂ ಸಲ್ಲುತ್ತದೆ ಎಂಬ ಆಶಯವನ್ನು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲೇ ಹೇಳುತ್ತಾನೆ. ಆದರೆ ಉತ್ತರ ದೊರೆತದ್ದೇ ತಿಳಿಯದವರು ಸ್ತೋತ್ರ ಮಾಡುವುದಾದರೂ ಹೇಗೆ?

ಹೊರಡುವ ಮೊದಲೇ ನನ್ನ ಪತ್ನಿ ನಮ್ಮ ಹಳೆಯ ಪ್ರಾರ್ಥನಾ ಪತ್ರಗಳನ್ನೆಲ್ಲ ಒಂದು ಫೈಲಿನಲ್ಲಿ ಸೇರಿಸಿ, ಪ್ರತಿಯೊಂದು ವಿಜ್ಞಾಪನೆಯ ಎದುರಿಗೆ ನೆರವೇರಿತು, ಬೇರೆ ರೀತಿಯಲ್ಲಿ ಆಯಿತು, ಇನ್ನೂ ಕಾಯುತ್ತಿದ್ದೇವೆ ಎಂದು ಗುರುತು ಹಾಕಿದಳು. ಕಾಯುತ್ತಿರುವ ಸಾಲುಗಳನ್ನು ಮರೆಮಾಚಬಾರದೆಂಬುದು ನಮ್ಮಿಬ್ಬರ ನಿಲುವು. ಮುಂದೆಯೂ ಪ್ರಾರ್ಥಿಸಬೇಕಾದವರಿಗೆ ಅವೇ ಹೆಚ್ಚು ಬೇಕಾದವು. ಹೊಸ ವಿಶ್ವಾಸಿಗಳ ಹೆಸರನ್ನಾಗಲಿ ಚಿತ್ರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಎಲ್ಲಿಯೂ ತೋರಿಸಲಿಲ್ಲ. ನಮ್ಮ ಸಂತೋಷದ ವರದಿಯಿಂದ ಅವರಿಗೆ ಅಪಾಯ ಬರಬಾರದು.

ಒಬ್ಬ ವೃದ್ಧ ತಾಯಿ ಮಂಚದ ಪಕ್ಕದಿಂದ ನೋಟ್‌ಬುಕ್ಕೊಂದನ್ನು ತೆಗೆದರು. ಎಡಪುಟಗಳಲ್ಲಿ ನಮ್ಮ ಪತ್ರಗಳಿಂದ ಬರೆದುಕೊಂಡ ವಿಜ್ಞಾಪನೆಗಳಿದ್ದವು. ಉತ್ತರಕ್ಕೆಂದು ಬಿಟ್ಟಿದ್ದ ಬಲಪುಟಗಳು ಬಹುಮಟ್ಟಿಗೆ ಖಾಲಿಯಾಗಿದ್ದವು. "ಚಿಕ್ಕವನ ಜ್ವರ ಇಳಿಯಿತೇನಪ್ಪಾ?" ಎಂದು ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು. ಆ ಮಗ ಅಲ್ಲೇ ನನ್ನ ಪಕ್ಕದಲ್ಲಿ ಕುಳಿತಿದ್ದ. ಅವರು ಅವನ ತಲೆ ನೇವರಿಸಿ, ಪೆನ್ನು ಕೊಟ್ಟು, ಎದುರುಪುಟದಲ್ಲಿ ಅವನ ಕೈಯಿಂದಲೇ ಬರೆಸಿದರು. ಆಮೇಲೆ ಫೈಲನ್ನೂ ನೋಟ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟುಕೊಂಡು ಉಳಿದ ಪುಟಗಳನ್ನು ತುಂಬಿದೆವು. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರಾವಿಯನ್ ಪಂಗಡದ ಕ್ರೈಸ್ತರು 1727ರಲ್ಲಿ ಸರದಿಯ ಪ್ರಕಾರ ಹಗಲಿರುಳು ಪ್ರಾರ್ಥಿಸತೊಡಗಿದರು, 1732ರಲ್ಲಿ ಅವರ ಮೊದಲ ಮಿಷನರಿಗಳು ಹೊರಟರು ಎಂದು ನಾನು ಓದಿ ತಿಳಿದಿದ್ದೆ. ಅಂಥ ನಿಷ್ಠೆ ಆ ಕೋಣೆಯಲ್ಲಿ ನಮಗಾಗಿ ನಡೆದಿತ್ತೆಂಬುದನ್ನು ಕಣ್ಣಾರೆ ಕಂಡೆ. ಉತ್ತರ ತಿಳಿಯದೆಯೂ ಅವರು ಬಿಡದೆ ಬೇಡಿದ್ದರು ಎಂಬುದಕ್ಕೆ ನಾವು ಎಷ್ಟು ಕೃತಜ್ಞರಾದರೂ ಸಾಲದು.

ಮಕ್ಕಳ ವಿಷಯದಲ್ಲಿಯೂ ಈ ಕ್ರಮ ಒಳ್ಳೆಯದಾಯಿತು. ಹೊರನಾಡಿನಲ್ಲಿ ಬೆಳೆದ ಮಕ್ಕಳಿಗೆ ತಂದೆತಾಯಿಯ ಸ್ವದೇಶವೇ ಅಪರಿಚಿತವಾಗಿರುತ್ತದೆ. ನಾವು ಅವರನ್ನು ವೇದಿಕೆಗೆ ಹತ್ತಿಸಲಿಲ್ಲ. ಆದರೆ ತಮ್ಮ ಹೆಸರು, ಪರೀಕ್ಷೆ, ಕಾಯಿಲೆಗಳನ್ನೆಲ್ಲ ಬಲ್ಲವರ ಮನೆಗಳಲ್ಲಿ ಅವರ ಸಂಕೋಚ ತಾನಾಗಿ ಕಳೆಯಿತು.

ಭೇಟಿ ಮುಗಿಸುವ ಮೊದಲು ಆ ಮನೆಯವರ ಅಗತ್ಯಗಳನ್ನು ಕೇಳಿ ಅದೇ ಫೈಲಿನ ಹಿಂಭಾಗದಲ್ಲಿ ಬರೆದುಕೊಳ್ಳುತ್ತಿದ್ದೆವು. ಕ್ಷೇತ್ರಕ್ಕೆ ಮರಳಿದ ಮೇಲೆ ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಮಕ್ಕಳು ಆ ಹೆಸರುಗಳನ್ನು ಓದುತ್ತಾರೆ. ನಮ್ಮ ಪತ್ರಗಳ ಕ್ರಮವೂ ಬದಲಾಗಿದೆ: ಹಿಂದಿನ ವಿಜ್ಞಾಪನೆಗಳು ಏನಾದವೆಂದು ಮೊದಲು ತಿಳಿಸುತ್ತೇವೆ, ಹೊಸದನ್ನು ಆಮೇಲೆ ಕೇಳುತ್ತೇವೆ. ಸೆರೆಯಲ್ಲಿದ್ದ ಪೌಲನು ಕೊಲೊಸ್ಸೆಯವರಿಗೆ ಬರೆಯುವಾಗ ದೇವರ ವಾಕ್ಯವನ್ನು ಸಾರಲು ಬಾಗಿಲು ತೆರೆಯುವಂತೆ ಪ್ರಾರ್ಥಿಸಲು ಕೇಳಿಕೊಂಡನು. ಆ ವಿಜ್ಞಾಪನೆಯನ್ನು ನಾವು ಪ್ರತಿಯೊಂದು ಪತ್ರದಲ್ಲೂ ಸೇರಿಸುತ್ತಿದ್ದೇವೆ.