100 ಎಂಬಿಪಿಎಸ್ ಲೈನು, 45 ಮಂದಿ: ಕ್ಯೂ ಟ್ರೀ ಕೊನೆಗೂ ಕೂತದ್ದು ಹೀಗೆ

ಬಾಗಲಕೋಟೆ ನವನಗರದ ಒಂದು ಪಿ.ಜಿ. ಹುಡುಗರು ಸುಮಾರು 45 ಮಂದಿ. ಕೆಳಗಿನ ಹಾಲ್‌ನಲ್ಲಿ ಬೆಳಿಗ್ಗೆ, ಸಂಜೆ ಆನ್‌ಲೈನ್ ಕೋಚಿಂಗ್, ಕೆಲವು ಸಲ ಒಟ್ಟಿಗೆ ನಾಲ್ಕು ಕ್ಲಾಸು. ಆಫೀಸಿನಿಂದ ಕ್ಲೌಡ್‌ಗೆ ಹೋಗುವ ನಾಲ್ಕು ಕ್ಯಾಮೆರಾ. ಫೈಬರ್ ಲೈನು: ಡೌನ್‌ಲೋಡ್ 100, ಅಪ್‌ಲೋಡ್ 40. ಇಷ್ಟರಲ್ಲಿ ಕ್ಲಾಸು ಕಡಿಯದೆ ನಡೆಯುವುದಿಲ್ಲ ಎಂದು ಈ ಧಂದೆಯಲ್ಲಿದ್ದವರೇ ಹೇಳಿದರು. "ಪ್ಲಾನ್ ದೊಡ್ಡದು ಹಾಕ್ಸಿರಿ, ಕ್ಯೂ-ಗೀವು ಎಲ್ಲಾ ಬ್ಯಾಂಕಿನವರಿಗೆ ರೀ." ರೂಟರಿನಲ್ಲಿ ಕ್ಯೂ ಟ್ರೀ, ಅಂದರೆ ಟ್ರಾಫಿಕ್ಕನ್ನು ವರ್ಗ ಮಾಡಿ ವೇಗ ಹಂಚುವ ಸಾಲುಗಳ ಮರ, ಹಾಕಿದ ಮೇಲೆ ಈಗ ರಾತ್ರಿ ಒಂಬತ್ತಕ್ಕೆ ಲೈನು ಕಂಠಮಟ್ಟ ತುಂಬಿದಾಗಲೂ ಪಿಂಗ್ (ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಹೋಗಿ ಬರುವ ಹೊತ್ತು) 30-35 ಮಿಲಿಸೆಕೆಂಡಿನ ಒಳಗೆ. ಮೊದಲು ಅದೇ ಹೊತ್ತಿಗೆ 350-400 ಇರುತ್ತಿತ್ತು. ಮ್ಯಾಂಗಲ್ (ಪ್ಯಾಕೆಟ್‌ಗೆ ಗುರುತು ಹಾಕುವ ನಿಯಮ), ವಿನ್‌ಬಾಕ್ಸ್ (ರೂಟರ್ ಹೊಂದಿಸುವ ತಂತ್ರಾಂಶ), ಪಿಪಿಪಿಒಇ (ಆಪರೇಟರನ ಲೈನಿಗೆ ಲಾಗಿನ್ ಆಗುವ ರೀತಿ) ಗೊತ್ತಿದ್ದವರಿಗೆ ಬರೆದದ್ದು ಇದು. ಅವುಗಳ ಪಾಠ ಇಲ್ಲಿಲ್ಲ.

ರೊಕ್ಕದ ಮಾತು ಮೊದಲು ಮುಗಿಸುತ್ತೇನೆ. ಮೈಕ್ರೋಟಿಕ್ ಹೆಕ್ಸ್ ರೂಟರ್, 880 ಮೆಗಾಹರ್ಟ್ಸಿನದು, ಸುಮಾರು 5,500. ಎರಡು ವೈಫೈ ಆಕ್ಸೆಸ್ ಪಾಯಿಂಟಿಗೆ ಕೂಡಿ 5,500-6,000. ಕೇಬಲ್, ಜ್ಯಾಕು, ಕ್ರಿಂಪಿಂಗ್ ಸೇರಿ ಒಟ್ಟು 12 ಸಾವಿರದ ಮೇಲೆ ಸ್ವಲ್ಪ. 300ರ ಪ್ಲಾನಿಗೆ ತಿಂಗಳಿಗೆ 900 ಹೆಚ್ಚು, ಮೇಲೆ ಶೇ. 18 ಜಿಎಸ್‌ಟಿ. ವರ್ಷಕ್ಕೆ 12-13 ಸಾವಿರ, ಅದೂ ಪ್ರತಿ ವರ್ಷ. 300 ಹಾಕಿಸಿಯೂ ನೋಡಿದ್ದಾಯಿತು. ಡೌನ್‌ಲೋಡ್ ಹಾರಿತು, ಕ್ಲಾಸು ಮಾತ್ರ ಕಡಿಯುವುದು ನಿಲ್ಲಲಿಲ್ಲ. ಯಾಕಂದರೆ ಆ ಪ್ಲಾನಿನಲ್ಲೂ ಅಪ್‌ಲೋಡ್ ಮೊದಲಿನಷ್ಟೇ. ಹುಡುಗರ ಫೋನುಗಳು ಚಾರ್ಜಿಗೆ ಹಾಕಿದ ಕೂಡಲೇ ಫೋಟೊ ಬ್ಯಾಕಪ್ ಶುರು ಮಾಡುತ್ತವೆ, 40 ತುಂಬುತ್ತದೆ, ಮೇಷ್ಟ್ರ ದನಿ ರೋಬೋ ಆಗುತ್ತದೆ.

ಕ್ಯೂ ನಿಮ್ಮ ರೂಟರಿನಲ್ಲೇ ನಿಲ್ಲಬೇಕು. ಶೇಪರ್, ಅಂದರೆ ವೇಗಕ್ಕೆ ನೀವು ಹಾಕುವ ಗಡಿ, ಲೈನಿನ ವೇಗಕ್ಕಿಂತ ಕೆಳಗಿರದಿದ್ದರೆ ಸಾಲು ಆಪರೇಟರನ ಡಬ್ಬಿಯಲ್ಲಿ ಬೆಳೆಯುತ್ತದೆ, ಅಲ್ಲಿ ನಿಮ್ಮ ವರ್ಗ, ಪ್ರಯಾರಿಟಿ ಯಾವುದೂ ನಡೆಯುವುದಿಲ್ಲ. 1,500 ಬೈಟಿನ 1,000 ಪ್ಯಾಕೆಟ್ ಹಿಡಿಯುವ ಬಫರ್ 10 ಎಂಬಿಪಿಎಸ್‌ನಲ್ಲಿ ಖಾಲಿಯಾಗಲು 1.2 ಸೆಕೆಂಡ್ ಬೇಕು. ಕರೆ ಕಡಿಯುವುದು ಅಲ್ಲೇ. ಲೈನು ಅಳೆದಾಗ 93-94 ಬಂತು, ಪೇರೆಂಟ್ ಕ್ಯೂಗೆ (ಎಲ್ಲ ವರ್ಗಗಳ ಮೇಲಿನ ಒಟ್ಟು ಸಾಲಿಗೆ) 85 ಕೊಟ್ಟೆ. ಅಪ್‌ಲೋಡಿಗೆ 36. ಡೌನ್‌ಲೋಡಿಗೆ ಹೆಚ್ಚು ಬಿಡಬೇಕು, ಯಾಕಂದರೆ ಅಲ್ಲಿ ಪ್ಯಾಕೆಟ್ ಇಕ್ಕಟ್ಟಿನ ಜಾಗ ದಾಟಿಯೇ ನಮ್ಮ ಹತ್ತಿರ ಬರುತ್ತದೆ. ನಾವು ಡ್ರಾಪ್ ಮಾಡಿ, ಕಳಿಸುವವನು ವೇಗ ಇಳಿಸುವವರೆಗೆ ಕಾಯಬೇಕು. "ಕೊಟ್ಟ ರೊಕ್ಕದಲ್ಲಿ 10 ಎಂಬಿ ಹಾಳು" ಎಂದು ಮಾಲೀಕರು ಗೊಣಗಿದರು. ಸ್ಪೀಡ್ ಟೆಸ್ಟ್ ಹಚ್ಚಿ ಪಕ್ಕದಲ್ಲೇ ಪಿಂಗ್ ಓಡಿಸಿ ತೋರಿಸಿದ ಮೇಲೆ ಸುಮ್ಮನಾದರು.

85, 36 ಇಟ್ಟರೂ ನಡುನಡುವೆ 70-80 ಮಿಲಿಸೆಕೆಂಡಿನ ಜಿಗಿತ ಉಳಿದಿತ್ತು. ಭಾಳ ಮಂದಿ ಇಲ್ಲಿ ಕೈಬಿಡುತ್ತಾರೆ. ಕಾರಣ ಬಕೆಟ್-ಸೈಜ್. ರೂಟರ್‌ಒಎಸ್‌ನಲ್ಲಿ (ಮೈಕ್ರೋಟಿಕ್‌ನ ತಂತ್ರಾಂಶ) ಅದರ ಮೂಲ ಬೆಲೆ 0.1, ಅಂದರೆ ಮ್ಯಾಕ್ಸ್-ಲಿಮಿಟ್‌ನ (ಕ್ಯೂ ಮೀರಬಾರದ ವೇಗದ) ಹತ್ತನೇ ಒಂದು ಸೆಕೆಂಡಿನಷ್ಟು ಟೋಕನ್, ಅಂದರೆ ಕಳಿಸುವ ಅನುಮತಿ, ಕೂಡಿಕೊಂಡಿರುತ್ತದೆ. 36ಕ್ಕೆ ಲೆಕ್ಕ ಹಾಕಿದರೆ 3.6 ಮೆಗಾಬಿಟ್, ಸುಮಾರು 450 ಕೆಬಿ, ತಡೆಯಿಲ್ಲದೆ ಒಮ್ಮೆಗೇ ಹೊರಗೆ ಬೀಳುತ್ತದೆ. 40ರ ಲೈನಿನಲ್ಲಿ ಅದು ಕರಗಲು 90 ಮಿಲಿಸೆಕೆಂಡ್. ಪೇರೆಂಟ್‌ಗೂ ಅದರ ಕೆಳಗಿನ ಮಕ್ಕಳಿಗೂ (ವರ್ಗದ ಕ್ಯೂಗಳಿಗೂ) 0.01 ಹಾಕಿದೆ, ಜಿಗಿತ ಹೋಯಿತು. ಸ್ವಲ್ಪ ಹೊತ್ತು ಗಡಿ ದಾಟಲು ಬಿಡುವ ಬರ್ಸ್ಟ್-ಲಿಮಿಟ್, ಬರ್ಸ್ಟ್-ಟೈಮ್ ಎಲ್ಲ ಸೊನ್ನೆ. ಅವು ಸ್ಪೀಡ್ ಟೆಸ್ಟ್ ಚೆಂದ ಕಾಣಿಸಲಿಕ್ಕೆ ಮಾತ್ರ.

ಇನ್ನು ವರ್ಗಗಳು. ಮೊದಲ ನಕ್ಷೆಯಲ್ಲಿ ಯೂಟ್ಯೂಬ್ ಬೇರೆ, ಇನ್‌ಸ್ಟಾ ಬೇರೆ, ಗೇಮ್ ಬೇರೆ ಎಂದು ಹನ್ನೊಂದು ವರ್ಗ. ಕಾಗದದ ಮೇಲೆ ಭಾರಿ ಚೆಂದ. ಈಗಿನ ಟ್ರಾಫಿಕ್ ಬಹುತೇಕ ಪೋರ್ಟ್ 443ರಲ್ಲೇ ಓಡುತ್ತದೆ, ಕ್ವಿಕ್ (ಯುಡಿಪಿ ಮೇಲೆ ಓಡುವ ಹೊಸ ವೆಬ್ ಪ್ರೋಟೊಕಾಲ್) ಬಂದ ಮೇಲೆ ಯುಡಿಪಿ 443ರಲ್ಲೂ. ಪೋರ್ಟ್ ನೋಡಿ ಬೇರ್ಪಡಿಸುವ ಕಾಲ ಹೋಯಿತು. ಯುಡಿಪಿ 443 ಬ್ಲಾಕ್ ಮಾಡಿದರೆ ಎಲ್ಲವೂ ಟಿಸಿಪಿಗೆ ಮರಳುತ್ತದೆ, ಗುರುತು ಮಾತ್ರ ಸಿಗುವುದಿಲ್ಲ. ಅದನ್ನು ಮಾಡಬೇಡಿ. ನಾಲ್ಕು ವರ್ಗ ಸಾಕು.

ಡೌನ್‌ಲೋಡ್ ಪೇರೆಂಟ್ 85ರ ಕೆಳಗೆ: ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕುವುದು), ಪಿಂಗ್, ಸಣ್ಣ ಎಸಿಕೆಗಳಿಗೆ (ಪ್ಯಾಕೆಟ್ ಮುಟ್ಟಿತು ಎಂಬ ಉತ್ತರಗಳಿಗೆ) ಲಿಮಿಟ್-ಅಟ್ (ಖಾತ್ರಿಯ ಪಾಲು) 3, ಮ್ಯಾಕ್ಸ್ 10, ಪ್ರಯಾರಿಟಿ 1, ಅಂದರೆ ಎಲ್ಲಕ್ಕಿಂತ ಮೇಲು. ಕರೆ ಮತ್ತು ಕ್ಲಾಸಿಗೆ 20, 40, ಪ್ರಯಾರಿಟಿ 2. ಸಾಮಾನ್ಯ ಬಳಕೆಗೆ 45, 85, ಪ್ರಯಾರಿಟಿ 5. ಭಾರಿ ಡೌನ್‌ಲೋಡ್, ಅಪ್‌ಡೇಟಿಗೆ 7, 80, ಪ್ರಯಾರಿಟಿ 8. ಲಿಮಿಟ್-ಅಟ್‌ಗಳ ಮೊತ್ತ 75, ಪೇರೆಂಟಿಗಿಂತ ಕಡಿಮೆ. ಎಚ್‌ಟಿಬಿ (ಕ್ಯೂ ಟ್ರೀ ವೇಗ ಹಂಚುವ ವಿಧಾನ) ಮೊದಲು ಎಲ್ಲರ ಲಿಮಿಟ್-ಅಟ್ ಪೂರೈಸುತ್ತದೆ. ಪ್ರಯಾರಿಟಿ ನೋಡುವುದು ಉಳಿದದ್ದನ್ನು ಹಂಚುವಾಗ. ಕ್ಲಾಸಿಲ್ಲದ ರಾತ್ರಿ ಮೂರನೆಯದೂ ನಾಲ್ಕನೆಯದೂ ತುಂಬಿದ್ದರೆ ನಾಲ್ಕನೆಯದಕ್ಕೆ ತನ್ನ 7 ಸಿಗುತ್ತದೆ, ಒಂದನೆಯದು ಒಂದು-ಒಂದೂವರೆ ತಿನ್ನುತ್ತದೆ, ಮಿಕ್ಕ 76-77 ಮೂರನೆಯದಕ್ಕೆ. ನಾಲ್ಕು ಕ್ಲಾಸು ತಲಾ 3ರಂತೆ ಓಡಿದರೆ ಮೂರನೆಯದು 65ಕ್ಕೆ ಇಳಿಯುತ್ತದೆ, ಹುಡುಗರಿಗೆ ಗೊತ್ತೂ ಆಗುವುದಿಲ್ಲ. ಮಧ್ಯಾಹ್ನ ಎಲ್ಲರೂ ಕಾಲೇಜಿಗೆ ಹೋದಾಗ ನಾಲ್ಕನೆಯದೇ 80 ಎಳೆದುಕೊಂಡು ಅಪ್‌ಡೇಟುಗಳನ್ನು ಮುಗಿಸುತ್ತದೆ.

ಇಲ್ಲಿ ಕೆಡುವುದು ಎರಡು ಕಡೆ. ಕೆಲವರು ಲಿಮಿಟ್-ಅಟ್ ಸೊನ್ನೆ ಬಿಟ್ಟು ಬರೀ ಪ್ರಯಾರಿಟಿ ಹಾಕುತ್ತಾರೆ. ಆಗ ಪ್ರಯಾರಿಟಿ 8ರ ವರ್ಗದ ಗತಿ ಕಾಲುವೆಯ ಕೊನೆಯ ಹೊಲದ್ದು, ಮೇಲಿನವರು ಬಿಟ್ಟರೆ ಉಂಟು. ಅಪ್‌ಡೇಟ್ ಅರ್ಧಕ್ಕೆ ಟೈಮ್‌ಔಟ್ ಆಗಿ ಮತ್ತೆ ಶುರುವಾಗುತ್ತದೆ, ಅದೇ ಫೈಲು ಎರಡೆರಡು ಸಲ ಲೈನಿನ ಮೇಲೆ ಬರುತ್ತದೆ. ಇನ್ನು ಕೆಲವರು ಲಿಮಿಟ್-ಅಟ್ ಧಾರಾಳವಾಗಿ ಹಂಚುತ್ತಾರೆ, 30, 60, 30. ಮೊತ್ತ 120. ಲಿಮಿಟ್-ಅಟ್ ಒಳಗಿರುವ ಮಗುವನ್ನು ಪೇರೆಂಟ್ ತಡೆಯುವುದಿಲ್ಲ, ಹಾಗಾಗಿ 85ರ ಗಡಿ ಮುರಿದು ಸಾಲು ಮತ್ತೆ ಆಪರೇಟರನ ಡಬ್ಬಿಗೇ ಹೋಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲಾ ಸರಿ ಕಾಣುತ್ತದೆ, ಪಿಂಗ್ ಮಾತ್ರ ಹಾಳು.

ಅಪ್‌ಲೋಡ್ 36ರಲ್ಲಿ ಎಸಿಕೆಗೆ 4, ಕರೆಗೆ 12, ಸಾಮಾನ್ಯಕ್ಕೆ 10, ಕ್ಯಾಮೆರಾ-ಬ್ಯಾಕಪ್‌ಗೆ 6, ಮ್ಯಾಕ್ಸ್ 15. ಎಸಿಕೆಗೆ ಅಷ್ಟ್ಯಾಕೆ ಅನ್ನುವವರು ಲೆಕ್ಕ ನೋಡಿ: 85 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 7,000 ಪ್ಯಾಕೆಟ್. ಎರಡಕ್ಕೊಂದರಂತೆ 3,500 ಎಸಿಕೆ, ತಲಾ 64 ಬೈಟ್. 1.8 ಎಂಬಿಪಿಎಸ್ ಅದಕ್ಕೇ ಬೇಕು. ಅದು ಸಾಲಿನಲ್ಲಿ ಸಿಕ್ಕಿಕೊಂಡರೆ ಡೌನ್‌ಲೋಡ್ ತಾನೇ ಕುಸಿಯುತ್ತದೆ. ಟಿಸಿಪಿ ಫ್ಲ್ಯಾಗ್ ಎಸಿಕೆ, ಪ್ಯಾಕೆಟ್-ಸೈಜ್ 0-123 ಎಂದು ಹಿಡಿದರೆ ಆಯಿತು.

ಗುರುತು ಹಾಕುವಾಗ ಮೊದಲು ಮಾರ್ಕ್-ಕನೆಕ್ಷನ್, ಪಾಸ್‌ಥ್ರೂ (ಮುಂದಿನ ನಿಯಮಕ್ಕೂ ಹೋಗಲಿ ಎಂಬ ಆಯ್ಕೆ) ಯೆಸ್. ಆಮೇಲೆ ಮಾರ್ಕ್-ಪ್ಯಾಕೆಟ್, ಪಾಸ್‌ಥ್ರೂ ನೋ. ಪ್ರತಿ ಪ್ಯಾಕೆಟಿಗೂ ಪೂರ್ತಿ ನಿಯಮ ಓದಿಸಿದರೆ ಸಿಪಿಯು ಸಾಯುತ್ತದೆ. ಫಾಸ್ಟ್‌ಟ್ರ್ಯಾಕ್ (ಸಿಪಿಯು ಉಳಿಸುವ ಅಡ್ಡದಾರಿ) ನಿಯಮ ತೆಗೆಯದಿದ್ದರೆ ಪ್ಯಾಕೆಟ್‌ಗಳು ಮ್ಯಾಂಗಲ್ ಮುಟ್ಟದೆ ಹೋಗುತ್ತವೆ, ಕ್ಯೂ ಟ್ರೀಯಲ್ಲಿ ಲೆಕ್ಕ ಏರುವುದೇ ಇಲ್ಲ. ಫೋನ್ ಮಾಡಿ "ಕ್ಯೂ ಕೆಲಸ ಮಾಡವಲ್ತು" ಅನ್ನುವವರಲ್ಲಿ ಅರ್ಧದಷ್ಟು ಇದೇ ಕೇಸು. ಅದನ್ನು ತೆಗೆದ ಮೇಲೂ ಹೆಕ್ಸ್‌ನ ಸಿಪಿಯು ಸಂಜೆ 35-40 ಶೇಕಡಾದ ಆಸುಪಾಸಿನಲ್ಲೇ ಇರುತ್ತದೆ.

ಕರೆಗಳಿಗೆ ಪೋರ್ಟು ಇನ್ನೂ ಉಪಯೋಗಕ್ಕೆ ಬರುತ್ತವೆ: ಜೂಮ್‌ಗೆ ಯುಡಿಪಿ 8801-8810, ಮೀಟ್‌ಗೆ 19302-19309, ಟೀಮ್ಸ್‌ಗೆ 3478-3481. ಮೀಟ್ 3478ನ್ನೂ ಬಳಸುತ್ತದೆ, ಅದೂ ಇದರಲ್ಲೇ ಬಂತು. ಯುಡಿಪಿ ಎಲ್ಲಾದರೂ ತಡೆದಿದ್ದರೆ ಜೂಮ್ ಟಿಸಿಪಿ 443ಕ್ಕೆ ಜಾರಿ ಸಾಮಾನ್ಯ ವರ್ಗಕ್ಕೆ ಬೀಳುತ್ತದೆ, ಆದ್ದರಿಂದ ಫೈರ್‌ವಾಲ್ ಒಮ್ಮೆ ನೋಡಿಕೊಳ್ಳಿ. ಭಾರಿ ಟ್ರಾಫಿಕ್ಕನ್ನು ಕನೆಕ್ಷನ್-ಬೈಟ್ಸ್‌ನಿಂದ (ಒಂದು ಕನೆಕ್ಷನ್‌ನಲ್ಲಿ ಹರಿದ ಒಟ್ಟು ಡೇಟಾದಿಂದ) ಹಿಡಿಯುತ್ತೇನೆ. ಬರೀ 10 ಎಂಬಿ ದಾಟಿದ್ದೆಲ್ಲ ಭಾರಿ ಎಂದರೆ ಪಾಠದ ವಿಡಿಯೊ ನೋಡುವ ಹುಡುಗನೂ ಸಿಕ್ಕಿಬೀಳುತ್ತಾನೆ. ಅದಕ್ಕೆ ಕನೆಕ್ಷನ್-ರೇಟ್ (ಆ ಕನೆಕ್ಷನ್‌ನ ವೇಗ) ಜೋಡಿಸಬೇಕು. ಎಷ್ಟು ಎಂಬಿ, ಎಷ್ಟು ರೇಟು, ಭಾರಿಯಾದದ್ದನ್ನು ಮತ್ತೆ ಮೇಲೆ ತರುವುದು ಹೇಗೆ, ಅದು ನನ್ನ ಹತ್ತಿರವೇ ಇರಲಿ. ಅದರ ಮೇಲೇ ನಮ್ಮ ಹೊಟ್ಟೆಪಾಡು. ಕರೆಯ ನಿಯಮ ಮಾತ್ರ ಅದಕ್ಕಿಂತ ಮೇಲಿರಲಿ, ಇಲ್ಲದಿದ್ದರೆ ಕ್ಲಾಸು ಕೆಲವೇ ನಿಮಿಷಕ್ಕೆ ಭಾರಿ ಪಟ್ಟಿಗೆ ಸೇರುತ್ತದೆ.

ಐಪಿವಿ6 (ಹೊಸ ಮಾದರಿಯ ಇಂಟರ್ನೆಟ್ ವಿಳಾಸ) ಮರೆತರೆ ಕಟ್ಟಿದ್ದೆಲ್ಲ ಸೋರುತ್ತದೆ. ಐಪಿವಿ4ರ ಮ್ಯಾಂಗಲ್ ಅದನ್ನು ನೋಡುವುದೇ ಇಲ್ಲ. ಯೂಟ್ಯೂಬಂತೂ ಐಪಿವಿ6 ಸಿಕ್ಕರೆ ಅದರಲ್ಲೇ ಹೋಗುತ್ತದೆ, ಗುರುತಿಲ್ಲದ ಪ್ಯಾಕೆಟ್ ಯಾವ ಕ್ಯೂಗೂ ಸೇರದೆ ನೇರ ಓಡುತ್ತದೆ. ಎರಡು ಕಡೆಯೂ ನಿಯಮ ಬರೆಯಿರಿ, ಮೇಲಾಗಿ ಸಾಮಾನ್ಯ ವರ್ಗಕ್ಕೆ ನೋ-ಮಾರ್ಕ್ (ಗುರುತಿಲ್ಲದವು) ಕೂಡ ಕೊಡಿ. ಡಿಎಸ್‌ಸಿಪಿಯನ್ನು (ಪ್ಯಾಕೆಟಿನ ಮೇಲೇ ಇರುವ ಆದ್ಯತೆಯ ಸಂಖ್ಯೆ) ಒಳಗಿನಿಂದ ಬರುವಾಗಲೇ ಸೊನ್ನೆ ಮಾಡಿದ್ದೇನೆ. ಯಾವನೋ ಒಬ್ಬ ಗೇಮ್ ಬೂಸ್ಟರ್ ಹಾಕಿ ತನ್ನದೆಲ್ಲವನ್ನೂ 46, ಅಂದರೆ ಅತಿ ತುರ್ತು, ಮಾಡಿಕೊಂಡರೆ ನಾವೇಕೆ ನಂಬಬೇಕು?

ನನ್ನ ಲೆಕ್ಕದಲ್ಲಿ ಅಸಲಿ ಗೆಲುವು ವರ್ಗದ್ದಲ್ಲ, ವರ್ಗದೊಳಗೆ ಮಂದಿ ಮಂದಿಗೆ ಸಮ ಹಂಚಿದ್ದು. ಮೊದಲು ಪಿಸಿಕ್ಯೂ (ಬಳಕೆದಾರನಿಗೊಂದರಂತೆ ಸಾಲು ಹಂಚುವ ಬಗೆ) ಇತ್ತು. ತಲೆಗೆ ಸಮ ಪಾಲು ಬಂತು, ಆದರೆ ಒಬ್ಬನದೇ ಡೌನ್‌ಲೋಡು ಅವನದೇ ಬ್ರೌಸಿಂಗನ್ನು ಕೊಲ್ಲುತ್ತಿತ್ತು, ಅವನ ಪಾಲಿನೊಳಗೆ ಎಲ್ಲ ಒಂದೇ ಸಾಲು. ರೂಟರ್‌ಒಎಸ್ 7ರಲ್ಲಿ ಸಾಲು ಹಂಚುವ ಹೊಸ ಬಗೆಗಳಾದ ಎಫ್‌ಕ್ಯೂ-ಕೋಡೆಲ್, ಕೇಕ್ ಎರಡೂ ಬಂದವು. ಎಫ್‌ಕ್ಯೂ-ಕೋಡೆಲ್ ಹರಿವು ಹರಿವಿಗೆ, ಅಂದರೆ ಒಂದೊಂದು ಕನೆಕ್ಷನ್‌ಗೆ, ಹಂಚುತ್ತದೆ. 50 ಕನೆಕ್ಷನ್ ತೆಗೆದ ಟಾರೆಂಟಿನವನಿಗೆ 50 ಪಾಲು. ಕೇಕ್ ಮೊದಲು ಮಂದಿಗೆ, ಆಮೇಲೆ ಅವರವರ ಹರಿವಿಗೆ ಹಂಚುತ್ತದೆ. ಡೌನ್‌ಲೋಡಿಗೆ ಡ್ಯುಯಲ್-ಡಿಎಸ್‌ಟಿ-ಹೋಸ್ಟ್ (ಪಡೆಯುವವನ ಲೆಕ್ಕ), ಅಪ್‌ಲೋಡಿಗೆ ಡ್ಯುಯಲ್-ಎಸ್‌ಆರ್‌ಸಿ-ಹೋಸ್ಟ್ (ಕಳಿಸುವವನ ಲೆಕ್ಕ). ಅಪ್‌ಲೋಡಿನದಕ್ಕೆ ನ್ಯಾಟ್ (ಎಲ್ಲರನ್ನೂ ಒಂದೇ ಹೊರ ವಿಳಾಸದ ಹಿಂದೆ ಇಡುವುದು) ಆಯ್ಕೆ ಯೆಸ್ ಮಾಡಲೇಬೇಕು, ಇಲ್ಲದಿದ್ದರೆ ಕೇಕ್‌ನ ಕಣ್ಣಿಗೆ 45 ಮಂದಿಯೂ ಒಂದೇ ಐಪಿ. ಬ್ಯಾಂಡ್‌ವಿಡ್ತ್ ಕೇಕ್‌ನಲ್ಲಿ ಸೊನ್ನೆ ಬಿಡಿ, ಗಡಿ ಎಚ್‌ಟಿಬಿಯದೇ ಇರಲಿ. ಇದಾದ ಮೇಲೆ ಟಾರೆಂಟ್ ಹಿಡಿಯುವ ನಿಯಮಗಳನ್ನೆಲ್ಲ ಅಳಿಸಿಹಾಕಿದೆ. ಅವನು ಎಷ್ಟು ಎಳೆದರೂ ತನ್ನ ಪಾಲನ್ನೇ.

ಎಚ್‌ಟಿಬಿ ಬಿಟ್ಟು ಬರೀ ಕೇಕ್, ಡಿಫ್‌ಸರ್ವ್4 (ಡಿಎಸ್‌ಸಿಪಿ ನೋಡಿ ನಾಲ್ಕು ಡಬ್ಬಿಗೆ ಹಾಕುವ ಬಗೆ) ಇಟ್ಟೂ ಸ್ವಲ್ಪ ದಿನ ಓಡಿಸಿದೆ. ಪಿಂಗ್ ಅಷ್ಟೇ ಚೆನ್ನ. ಮನೆಗಾದರೆ ಅದೇ ಸಾಕು, ಹತ್ತು ನಿಮಿಷದ ಕೆಲಸ. ಆದರೆ ಕೆಳಗಿನ ಹಾಲಿಗೆ ಇಷ್ಟೇ ಎಂದು ಸಂಖ್ಯೆ ಬರೆದು ಕೊಡಲು ಬರುವುದಿಲ್ಲ. ಹೊರಗಿನಿಂದ ಬರುವ ಪ್ಯಾಕೆಟ್‌ಗಳ ಡಿಎಸ್‌ಸಿಪಿ ದಾರಿಯಲ್ಲೇ ತೊಳೆದುಹೋಗಿ, ಡೌನ್‌ಲೋಡ್ ಹೆಚ್ಚುಕಡಿಮೆ ಎಲ್ಲವೂ ಬೆಸ್ಟ್-ಎಫರ್ಟ್ (ಸಾಮಾನ್ಯ) ಡಬ್ಬಿಗೇ ಬೀಳುತ್ತಿತ್ತು.

ದೂರು ಬಂದಾಗ ಮೊದಲು ರೂಟರಿಗೇ ಪಿಂಗ್ ಮಾಡಿ. ಅದೇ 60-80 ತೋರಿಸಿದರೆ ತಪ್ಪು ವೈಫೈಯದು, ಕ್ಯೂ ಮುಟ್ಟಬೇಡಿ. 2.4 ಗಿಗಾಹರ್ಟ್ಸಿನಲ್ಲಿ ಒಂದೇ ಆಕ್ಸೆಸ್ ಪಾಯಿಂಟಿಗೆ 30 ಫೋನು ನೇತಾಡುತ್ತಿದ್ದರೆ ಯಾವ ಎಚ್‌ಟಿಬಿಯೂ ಉಳಿಸುವುದಿಲ್ಲ. ಮೂಲೆಯ ಕೋಣೆಯ ಹಳೆ ಫೋನೊಂದು ಕಡಿಮೆ ದರದಲ್ಲಿ ಮಾತಾಡುತ್ತ ಎಲ್ಲರ ಗಾಳಿಯ ಸಮಯ ತಿನ್ನುತ್ತದೆ. 5 ಗಿಗಾಹರ್ಟ್ಸಿಗೆ ಸರಿಸಿ, ಎರಡನೇ ಪಾಯಿಂಟ್ ಹಾಕಿದ್ದು ಇದಕ್ಕೇ.

ಇದೇ ಮರವನ್ನು ಇಳಕಲ್ಲಿನ ಒಂದು ಸೀರೆ ಅಂಗಡಿಗೆ ತಿರುಗಿಸಿ ಹಾಕಿದೆ. ಅಲ್ಲಿ ಫೋನಿನಲ್ಲಿ ಲೈವ್ ಬಿಟ್ಟು ಸೀರೆ ಮಾರುತ್ತಾರೆ. ಅಪ್‌ಲೋಡ್ 20, ಲೈವಿಗೆ ಬೇಕಾದ್ದು 4ರ ಆಸುಪಾಸು. ಆದರೂ ಸೆರಗು ಬಿಡಿಸಿ ತೋರಿಸುವ ಹೊತ್ತಿಗೇ ಚಿತ್ರ ಮಸುಕಾಗುತ್ತಿತ್ತು. ಹೊಸ ನೇಯ್ಗೆ ಚೌಕಟ್ಟಿನಲ್ಲಿ ಬಂದ ಕೂಡಲೇ ಬಿಟ್‌ರೇಟ್ ಏರುತ್ತದೆ, ಅದೇ ಹೊತ್ತಿಗೆ ಕ್ಯಾಮೆರಾ ಮತ್ತು ಕೆಲಸದವರ ಫೋನು ಲೈನು ಹಿಡಿದಿರುತ್ತವೆ. ಲೈವ್ ಫೋನನ್ನು ಮ್ಯಾಕ್ (ಸಾಧನದ ವಿಳಾಸ) ನೋಡಿ ಹಿಡಿಯುವುದು ನಂಬಿಕೆಯ ದಾರಿಯಲ್ಲ, ಈಗಿನ ಫೋನುಗಳು ಮ್ಯಾಕ್ ಬದಲಿಸುತ್ತವೆ. ಲೈವಿಗೇ ಬೇರೆ ಎಸ್‌ಎಸ್‌ಐಡಿ (ವೈಫೈ ಹೆಸರು), ಅದಕ್ಕೆ ಬೇರೆ ವಿಎಲ್‌ಎಎನ್ (ಬೇರ್ಪಡಿಸಿದ ಒಳಜಾಲ), ಅಲ್ಲಿಂದ ಬಂದದ್ದಕ್ಕೆಲ್ಲ ಲಿಮಿಟ್-ಅಟ್ 8. ಪಾಸ್‌ವರ್ಡು ಮಾಲೀಕರೊಬ್ಬರ ಹತ್ತಿರ ಮಾತ್ರ.

ನವನಗರಕ್ಕೆ ಬರೋಣ. ಕೆಲವು ರಾತ್ರಿ ಆಪರೇಟರನ ಕಡೆಯೇ ಇಕ್ಕಟ್ಟಾಗಿ ಲೈನು 70ಕ್ಕೆ ಇಳಿಯುತ್ತದೆ. ಆಗ 85ರ ಶೇಪರ್ ಇದ್ದೂ ಇಲ್ಲದಂತೆ. ಶೆಡ್ಯೂಲರಿನಿಂದ ಸಂಜೆ ಏಳರಿಂದ ಹನ್ನೊಂದರವರೆಗೆ ಪೇರೆಂಟ್ 66. ಇಲ್ಲಿ ಪೇರೆಂಟ್ ಒಂದನ್ನೇ ಇಳಿಸಿದರೆ ಲಿಮಿಟ್-ಅಟ್‌ಗಳ 75 ಅದಕ್ಕಿಂತ ದೊಡ್ಡದಾಗುತ್ತದೆ. ಅದೇ ಸ್ಕ್ರಿಪ್ಟಿನಲ್ಲಿ ಸಾಮಾನ್ಯ ವರ್ಗದ 45ನ್ನು 30 ಮಾಡಬೇಕು, ಮೊತ್ತ 60.

ಕರೆಂಟ್ ಹೋದಾಗ ರೂಟರಿಗೆ ಇನ್ವರ್ಟರ್ ಇದೆ, ರಸ್ತೆಯ ಡಬ್ಬಿಗೆ ಇಲ್ಲ. ಆಗ 4ಜಿ ಸಿಮ್ಮಿಗೆ ತಿರುಗುತ್ತದೆ. ಅಲ್ಲಿ ವೇಗ ಒಮ್ಮೆ 25, ಒಮ್ಮೆ 9. ಸ್ಥಿರ ಸಂಖ್ಯೆ ಇಡುವುದೇ ಕಷ್ಟ, ಆದ್ದರಿಂದ ಕೆಳಗಿನದನ್ನೇ ನಂಬಿ ಡೌನ್‌ಲೋಡ್ 8, ಅಪ್‌ಲೋಡ್ 3 ಇಟ್ಟಿದ್ದೇನೆ. 8ರಲ್ಲಿ ಕರೆಗೆ 4, ಸಾಮಾನ್ಯಕ್ಕೆ 2, ಉಳಿದೆರಡಕ್ಕೆ ಅರ್ಧರ್ಧ. ರೂಟರಿನ ನೆಟ್‌ವಾಚ್ ಫೈಬರ್ ಗೇಟ್‌ವೇ (ಆಪರೇಟರನ ತುದಿ) ನೋಡುತ್ತಿರುತ್ತದೆ, ಬಿದ್ದರೆ ಈ ಸಂಖ್ಯೆಗಳು. ಲೈನು ಮರಳಿದ ಕೂಡಲೇ ಹಳೆ ಸಂಖ್ಯೆಗೆ ಹೋಗಬಾರದು, ಎರಡು ನಿಮಿಷ ತಡೆಯಬೇಕು, ಯಾಕಂದರೆ ಕರೆಂಟು ಬಂದು ಹೋಗಿ ಮಾಡುವಾಗ ಡಬ್ಬಿಯೂ ಎದ್ದು ಬೀಳುತ್ತಿರುತ್ತದೆ. ಸಿಮ್ಮಿನಿಂದ ಫೈಬರಿಗೆ ಬಂದ ಮೇಲೆ ಹಳೆ ಕನೆಕ್ಷನ್‌ಗಳನ್ನು ಟೇಬಲ್‌ನಿಂದ ಒರೆಸಿ. ಇಲ್ಲದಿದ್ದರೆ ಅವು ಸಿಮ್ಮಿನ ಐಪಿಯನ್ನೇ ಹಿಡಿದು ಕೂರುತ್ತವೆ, ಕ್ಲಾಸಿನವರು ಹೊರಗೆ ಬಂದು ಮತ್ತೆ ಸೇರಬೇಕಾಗುತ್ತದೆ.