ಝೆರಾಕ್ಸ್ ಅಂಗಡಿಗೆ ಮಾಡಿಕೊಟ್ಟ ಪಿಡಿಎಫ್ ಪುಟ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕಟ್ಟಡದ ಕೆಳಗೇ ಒಂದು ಝೆರಾಕ್ಸ್ ಅಂಗಡಿ ಇದೆ. ನಡೆಸುವವರು ಕುಂದಾಪುರದ ಕಡೆಯವರು. ನಾನು ಅಣ್ಣ ಅಂತಲೇ ಕರೆಯುತ್ತೇನೆ. ಅವರ ಅರ್ಧ ಕೆಲಸ ಆನ್‌ಲೈನ್ ಅರ್ಜಿ ತುಂಬುವುದು. ಒಂದು ಕಡೆ ಫೈಲ್ 200 ಕೆಬಿ ಒಳಗಿರಬೇಕು, ಇನ್ನೊಂದು ಕಡೆ 500. ಹಾಗೆ ಪಿಡಿಎಫ್ ಚಿಕ್ಕದು ಮಾಡಿಕೊಡುವ ಒಂದು ವೆಬ್‌ಸೈಟ್‌ಗೆ ತಿಂಗಳಿಗೆ 700 ರೂಪಾಯಿ ಕಟ್ಟುತ್ತಿದ್ದರು. "ದಿನಕ್ಕೆ ಎರಡು ಫೈಲ್ ಆದ ಕೂಡ್ಲೇ ದುಡ್ಡು ಕೇಳ್ತದೆ ಮಾರಾಯ, ಎಂತ ಮಾಡುದು?" ಅಂದರು.

ದುಡ್ಡಿಗಿಂತ ಜಾಸ್ತಿ ನನ್ನನ್ನು ಕಾಡಿದ್ದು ಬೇರೆ. ಜನರ ಆಧಾರ್, ಪಾಸ್‌ಬುಕ್, ಬಾಡಿಗೆ ಕರಾರು ಎಲ್ಲ ಯಾರದ್ದೋ ಸರ್ವರ್‌ಗೆ ಹೋಗಿ ಬರುತ್ತಿದ್ದವು. ಸುಮ್ನೆ ಯಾಕೆ ಕಳಿಸಬೇಕು? ಈ ಕೆಲಸ ಅಂಗಡಿಯ ಬ್ರೌಸರ್‌ನಲ್ಲೇ ಆಗುತ್ತದೆ.

ಅಂಥ ಒಂದು ವೆಬ್ ಪುಟ ಕಟ್ಟಲು ಎರಡು ಉಚಿತ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ತೆಗೆದುಕೊಂಡೆ. ಮೊಜಿಲ್ಲಾದ ಪಿಡಿಎಫ್.ಜೆಎಸ್ ಫೈಲಿನ ಪ್ರತಿ ಪುಟವನ್ನು ಚಿತ್ರವಾಗಿ ಬಿಡಿಸುತ್ತದೆ. ಪಿಡಿಎಫ್-ಲಿಬ್ ಆ ಚಿತ್ರಗಳನ್ನು ಸೇರಿಸಿ ಹೊಸ ಪಿಡಿಎಫ್ ಕಟ್ಟುತ್ತದೆ. ನಡುವೆ ಚಿತ್ರವನ್ನು ಒತ್ತಿ ಚಿಕ್ಕದು ಮಾಡುವ ಜೆಪೆಗ್‌ನ ಗುಣಮಟ್ಟವನ್ನು (0ಯಿಂದ 1ರವರೆಗಿನ ಅಂಕಿ) ಅರ್ಧರ್ಧ ಮಾಡುತ್ತಾ ಹುಡುಕುತ್ತೇನೆ: ಮೊದಲು 0.5, ಫೈಲ್ ದೊಡ್ಡದಾದರೆ 0.25, ಚಿಕ್ಕದಾದರೆ 0.75. ಆರೇಳು ಸಲಕ್ಕೆ ಕೇಳಿದ ಕೆಬಿ ಹತ್ತಿರ ಬಂದು ನಿಲ್ಲುತ್ತದೆ. ಗುಣಮಟ್ಟ ತೀರಾ ಇಳಿದರೆ ಅಕ್ಷರದ ಸುತ್ತ ಚೌಕ ಚೌಕ ಕಲೆ ಏಳುತ್ತದೆ, ಯಾಕೆಂದರೆ ಜೆಪೆಗ್ ಚಿತ್ರವನ್ನು 8×8 ತುಂಡುಗಳಾಗಿ ಒತ್ತುತ್ತದೆ. ಹಾಗಾಗಿ ಹುಡುಕಾಟ 0.3ಕ್ಕಿಂತ ಕೆಳಗೆ ನಿಂತರೆ ಅದನ್ನು ಬಿಟ್ಟು ಚಿತ್ರದ ಅಳತೆಯನ್ನೇ ಕಡಿಮೆ ಮಾಡುತ್ತೇನೆ. ಓದಲು ಇದೇ ಚೆನ್ನ. ಸ್ಕ್ಯಾನ್ ಮಾಡಿದ ಕಾಗದಕ್ಕೆ ಮಾತ್ರ ಈ ದಾರಿ. ಟೈಪ್ ಮಾಡಿದ ಪಿಡಿಎಫ್ ಅನ್ನು ಚಿತ್ರ ಮಾಡಿದರೆ ಅದರಲ್ಲಿ ಪದ ಹುಡುಕಲು ಆಗುವುದಿಲ್ಲ, ಕೆಲವೊಮ್ಮೆ ಫೈಲ್ ಇನ್ನೂ ಉಬ್ಬುತ್ತದೆ.

ಮೊದಲ ದಿನವೇ ಅಣ್ಣನ ಕಂಪ್ಯೂಟರ್ ನಿಂತುಹೋಯಿತು. 4 ಜಿಬಿ ಮೆಮೊರಿ, 40 ಪುಟದ ಫೈಲ್. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಒಂದು ಎ4 ಪುಟ ಅಂದರೆ 2480×3508 ಚುಕ್ಕೆ, ಚುಕ್ಕೆಗೆ 4 ಬೈಟ್. ಪುಟಕ್ಕೆ 35 ಎಂಬಿ ಹತ್ತಿರ ಆಯಿತಲ್ವಾ? ನಾನು ನಲವತ್ತನ್ನೂ ಒಟ್ಟಿಗೆ ತೆರೆದಿದ್ದೆ. ಈಗ 150 ಡಿಪಿಐ, ಒಂದು ಪುಟ ಮುಗಿದ ಮೇಲೇ ಇನ್ನೊಂದು.

ಇನ್ನೊಂದು ತೊಡಕು ನಮ್ಮ ಲಿಪಿಯದ್ದು. ಪ್ರತಿ ಪುಟದ ಮೇಲೆ ಹೆಸರು, ತಾರೀಕು ಹಾಕಬೇಕಿತ್ತು, ಮರಾಠಿಯಲ್ಲೂ ಕನ್ನಡದಲ್ಲೂ. ಪಿಡಿಎಫ್-ಲಿಬ್ ಜೊತೆ ಬರುವ ಫಾಂಟ್‌ಗಳಲ್ಲಿ ಎರಡೂ ಇಲ್ಲ. ಬೇರೆ ಫಾಂಟ್ ಸೇರಿಸಿದೆ, ನನಗೆ ಒತ್ತಕ್ಷರ ಸರಿಯಾಗಿ ಕೂರಲಿಲ್ಲ. ಎರಡು ಶನಿವಾರ ಅದರಲ್ಲೇ ಹೋಯಿತು. ಕೊನೆಗೆ ಹೆಸರನ್ನು ಬ್ರೌಸರ್‌ನ ಕ್ಯಾನ್ವಾಸ್ (ಚಿತ್ರ ಬಿಡಿಸುವ ಜಾಗ) ಮೇಲೆ ಬರೆಸಿ, ಚಿತ್ರವಾಗಿ ಅಂಟಿಸಿದೆ. ಬ್ರೌಸರ್‌ಗೆ ಒತ್ತಕ್ಷರ ಚೆನ್ನಾಗಿ ಗೊತ್ತು. ನನ್ನದೇ ಊರಿನ ಹೆಸರು ತಪ್ಪಿಲ್ಲದೆ ಮೂಡಿದಾಗ ಆದ ಖುಷಿ ದೊಡ್ಡದು.

ಈ ವೆಬ್ ಪುಟವನ್ನು ಗಿಟ್‌ಹಬ್ ಪೇಜಸ್ ಎಂಬ ವೆಬ್‌ಸೈಟ್ ಇಡುವ ಸೇವೆಯಲ್ಲಿ ಇಟ್ಟಿದ್ದೇನೆ, ಅದಕ್ಕೆ ಖರ್ಚಿಲ್ಲ. ವರ್ಡ್ ಫೈಲನ್ನು ಪಿಡಿಎಫ್ ಮಾಡಿಕೊಡಲು ಇದಕ್ಕೆ ಬರುವುದಿಲ್ಲ. ಅದಕ್ಕೆ ಅಣ್ಣನಿಗೆ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟೆ.

ಒಮ್ಮೆ ತೆರೆದರೆ ಆಮೇಲೆ ನೆಟ್ ಇಲ್ಲದೆಯೂ ನಡೆಯುವಂತೆ ಸರ್ವಿಸ್ ವರ್ಕರ್ (ಪುಟವನ್ನು ಬ್ರೌಸರ್‌ನಲ್ಲೇ ಉಳಿಸಿಡುವ ಸಣ್ಣ ಕೋಡ್) ಕೂಡ ಸೇರಿಸಿದ್ದೆ. ಜುಲೈ ಮಳೆಗೆ ಒಂದು ಬೆಳಿಗ್ಗೆ ನೆಟ್ ಹೋಯಿತು. ಅಂಗಡಿ ಮುಂದೆ ಕಾಲೇಜು ಅರ್ಜಿಯ ಹುಡುಗರ ಸಾಲು. ಅರ್ಜಿ ಕಳಿಸಲು ನೆಟ್ ಬೇಕೇ ಬೇಕು, ನಿಜ. ಆದರೆ ಮಧ್ಯಾಹ್ನ ಅದು ಬರುವಷ್ಟರಲ್ಲಿ ಅಣ್ಣ ಎಲ್ಲರ ಫೈಲ್ ತಯಾರು ಮಾಡಿ ಇಟ್ಟಿದ್ದರು.