ಭಾನುವಾರ ಶುರುವಾಗೋದು ಶನಿವಾರ ಸಂಜೆ

ನಮ್ಮ ಮನೆಯ ಹಳೇ ಕಥೆ ಇದು. ಆರಾಧನೆ ಒಂಬತ್ತಕ್ಕೆ. ಏಳೂವರೆಗೆ ನಾನು ಮಟನ್ ಅಂಗಡಿ ಸಾಲಿನಲ್ಲಿ, ನನ್ನ ಮುಂದೆ ಹದಿನೈದು ಜನ. ಮನೆಗೆ ಬಂದರೆ ಮಗನ ಶರ್ಟಿಗೆ ಇಸ್ತ್ರಿ ಆಗಿಲ್ಲ, ಸತ್ಯವೇದ (ಬೈಬಲ್) ಎಲ್ಲಿದೆಯೋ ಗೊತ್ತಿಲ್ಲ, ಕಾಣಿಕೆಗೆ ಚಿಲ್ಲರೆ ಇಲ್ಲ. ಸ್ಕೂಟರಿನಲ್ಲೇ ಜಗಳ ಆಡಿಕೊಂಡು ಚರ್ಚ್ ಬಾಗಿಲು ಮುಟ್ಟುವಷ್ಟರಲ್ಲಿ ಆರಾಧನೆಯ ಶುರುವಿನ ಪಾಪದ ಅರಿಕೆ ಮುಗಿದಿರುತ್ತಿತ್ತು. ಅವತ್ತು ಅದು ಬೇಕಾಗಿದ್ದದ್ದೇ ನಮಗೆ!

ನಮಗೆ ಭಕ್ತಿ ಕಮ್ಮಿ ಅಂತ ಬಹಳ ದಿನ ಬೇಜಾರು ಮಾಡಿಕೊಂಡೆ. ಕಮ್ಮಿ ಇದ್ದದ್ದು ಭಕ್ತಿ ಅಲ್ಲ, ಶನಿವಾರದ ತಯಾರಿ. ಈಗ ಮಾಂಸ ಶನಿವಾರ ಸಂಜೆಯೇ ಬರುತ್ತದೆ, ಮಸಾಲೆ ಹಚ್ಚಿ ಫ್ರಿಜ್ಜಿಗೆ ಹೋಗುತ್ತದೆ. ಬಟ್ಟೆ ಗೂಟಕ್ಕೆ. ಸತ್ಯವೇದ, ಗೀತೆ ಪುಸ್ತಕ, ಕಾಣಿಕೆ ಕವರ್ ಮೂರೂ ಒಂದೇ ಚೀಲದಲ್ಲಿ, ಚೀಲ ಸ್ಕೂಟರ್ ಕೀ ಪಕ್ಕದಲ್ಲಿ. ಶನಿವಾರ ರಾತ್ರಿ ಸಿನಿಮಾ ನೋಡಲೇಬೇಕು ಅಂದರೆ ನೋಡಿ, ಆದರೆ ಒಂದೂವರೆಗೆ ಮುಗಿಯೋ ಸಿನಿಮಾ ಬೇಡ.

ವಾರದ ದಿನಗಳಲ್ಲಿ ನಿಜವಾದ ಕಳ್ಳ ಮೊಬೈಲು. ಆ್ಯಪಿನಲ್ಲೇ ಓದ್ತೀನಿ ಅಂತ ನಾನೂ ಶುರು ಮಾಡಿದ್ದೆ, ಎರಡು ವಚನ ಓದುವಷ್ಟರಲ್ಲಿ ಮೇಲಿಂದ ವಾಟ್ಸಾಪ್ ಇಳಿಯುತ್ತದೆ, ಯಾರದೋ ಗುಡ್ ಮಾರ್ನಿಂಗ್ ಗುಲಾಬಿ, ಅದಕ್ಕೊಂದು ಉತ್ತರ, ಅಲ್ಲಿಂದ ಸ್ಟೇಟಸ್, ಆಮೇಲೆ ಆಫೀಸಿಗೆ ಲೇಟು. ಫೋನನ್ನು ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ದಿಂಬಿನ ಪಕ್ಕ ಕಾಗದದ ಸತ್ಯವೇದ ಇಡಿ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತಕ್ಕೆ ಹೋಗಿ ಪ್ರಾರ್ಥಿಸುತ್ತಾನೆ, ಅದೂ ಹಿಂದಿನ ಸಂಜೆ ಊರಿಗೆ ಊರೇ ಬಾಗಿಲ ಮುಂದೆ ನಿಂತಿದ್ದ ಮೇಲೆ. ನಮಗೆ ಹದಿನೈದು ನಿಮಿಷ ಸಾಕು.

ಏನು ಓದಬೇಕು ಅಂತ ದಿನಾ ಯೋಚಿಸಿದರೆ ಓದೋದೇ ಇಲ್ಲ. ಸತ್ಯವೇದದ ಜ್ಞಾನೋಕ್ತಿಗಳ ಪುಸ್ತಕದಲ್ಲಿ 31 ಅಧ್ಯಾಯ ಇವೆ, ಇವತ್ತು ತಾರೀಖು ಎಷ್ಟೋ ಅಷ್ಟನೇ ಅಧ್ಯಾಯ ತೆಗೆಯಿರಿ. ಕೀರ್ತನೆಗಳು 150, ದಿನಕ್ಕೊಂದು ಅಂದರೆ ಐದು ತಿಂಗಳು. 119ನೆಯದು ಬಂದಾಗ ಹೆದರಬೇಡಿ. ಅದರಲ್ಲಿ 176 ವಚನ ಇದ್ದರೂ ಎಂಟೆಂಟರ 22 ಭಾಗಗಳಾಗಿ ಬರೆದದ್ದು, ದಿನಕ್ಕೊಂದು ಭಾಗ ಓದಿ.

ನೆಂಟರು, ಅಕ್ಕಪಕ್ಕದವರ ವಿಷಯ ಸ್ವಲ್ಪ ಸೂಕ್ಷ್ಮ. ಗೃಹಪ್ರವೇಶ, ನಾಮಕರಣ ಎಲ್ಲಾ ಭಾನುವಾರವೇ ಅಲ್ವಾ? ಕರೆಯೋಕೆ ಬಂದಾಗಲೇ ಹೇಳಿಬಿಡಿ: "ಚರ್ಚ್ ಮುಗಿಸಿ ಹನ್ನೊಂದೂವರೆಗೆ ಬರ್ತೀವಿ, ಊಟಕ್ಕೆ ಇದ್ದೇ ಇರ್ತೀವಿ." ಹೇಳಿದ ಮೇಲೆ ಹೋಗಿ, ಬಡಿಸೋಕೂ ನಿಲ್ಲಿ. ಯಾರೂ ಬೇಜಾರಾಗಲ್ಲ. ಬೇಜಾರಾಗೋದು ನಾವು ಕೊನೇ ಗಳಿಗೆಯಲ್ಲಿ ನೆಪ ಹೇಳಿದಾಗ.

ಮನೆ ಪ್ರಾರ್ಥನಾ ಕೂಟದ ದಿನ ಐಪಿಎಲ್ ಮ್ಯಾಚ್ ಬಿದ್ದರೆ? ಸ್ಕೋರ್ ಆಮೇಲೂ ಸಿಗುತ್ತದೆ. ಇದಕ್ಕಿಂತ ಜಾಸ್ತಿ ಹೇಳೋಕೆ ನನಗೂ ಧೈರ್ಯ ಇಲ್ಲ, ನಾನೂ ಆರ್‌ಸಿಬಿ ಕಡೆಯವನೇ.

ಶಿಫ್ಟ್ ಕೆಲಸದವರಿಗೆ, ನರ್ಸುಗಳಿಗೆ ಈ ಸಲಹೆಗಳಲ್ಲಿ ಅರ್ಧ ಆಗಿಬರಲ್ಲ. ಅವರು ತಿಂಗಳ ಡ್ಯೂಟಿ ಪಟ್ಟಿ ಬರುವ ಮೊದಲೇ ಒಂದೆರಡು ಭಾನುವಾರ ಕೇಳಿಕೊಳ್ಳಬೇಕು, ಪಟ್ಟಿ ಬಂದ ಮೇಲೆ ಕೇಳಿದರೆ ಆಗೋ ಮಾತಲ್ಲ. ಕಥೋಲಿಕರಾದರೆ ಶನಿವಾರ ಸಂಜೆಯ ಪೂಜೆ ಭಾನುವಾರದ ಲೆಕ್ಕಕ್ಕೇ ಸೇರುತ್ತದೆ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಚರ್ಚಿನ ಕೆಲಸವೂ ಅಡ್ಡಿಯಾಗಬಹುದು. ಒಂದು ವರ್ಷ ನಾನು ಕಾಯರ್, ಕಮಿಟಿ, ಸಂಡೇ ಸ್ಕೂಲ್ ಮೂರೂ ತಲೆ ಮೇಲೆ ಹಾಕಿಕೊಂಡಿದ್ದೆ. ಜನ ತಂದುಕೊಟ್ಟ ಬೆಳೆಯನ್ನು ಹರಾಜು ಹಾಕುವ ಚರ್ಚಿನ ಸುಗ್ಗಿ ಹಬ್ಬದ ದಿನ ಹರಾಜಿಗೆ ಬಂದ ಕುಂಬಳಕಾಯಿ, ಬಾಳೆಗೊನೆಗಳಿಗೆ ಚೀಟಿ ಅಂಟಿಸುತ್ತಾ ಹೊರಗೇ ಇದ್ದೆ. ಒಳಗೆ ಪಾಸ್ಟರ್ ಅಯ್ಯನವರ ಪ್ರಸಂಗ ಯಾವುದರ ಮೇಲೆ ಅಂತ ಇವತ್ತಿಗೂ ಗೊತ್ತಿಲ್ಲ. ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದ ಮಾರ್ಥ ಮಾಡುತ್ತಿದ್ದದ್ದು ಕೆಟ್ಟ ಕೆಲಸವೇನಲ್ಲ, ಮನೆಗೆ ಬಂದ ಯೇಸುವಿನ ಉಪಚಾರವೇ. ಅದರಲ್ಲೇ ಅವಳಿಗೆ ಅವನ ಮಾತು ತಪ್ಪಿಹೋಯಿತು. ಹಾಗಾಗಿ ಒಂದೇ ಜವಾಬ್ದಾರಿ ಹಿಡಿಯಿರಿ. ಎರಡನೆಯದು ಕೇಳಿಕೊಂಡು ಬಂದರೆ, "ಅಯ್ಯನವರೇ, ಈ ವರ್ಷ ಬೇಡ" ಅನ್ನಿ.

ಇಷ್ಟೆಲ್ಲಾ ಮಾಡಿಯೂ ಒಂದು ಭಾನುವಾರ ಲೇಟಾಗೇ ಆಗುತ್ತದೆ. ಅರ್ಧ ಮುಗಿದಿದೆ ಅಂತ ಗೇಟಿನಿಂದ ವಾಪಸ್ ಹೋಗಬೇಡಿ. ಚಪ್ಪಲಿ ಸದ್ದಾಗದಂತೆ ಒಳಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಜಾಗ ಇದ್ದೇ ಇರುತ್ತದೆ.